ಉರುಳುವುದು ಮತ್ತು ನಿಲ್ಲುವುದು

ಹೋದ ವರ್ಷ ನನ್ನ ಕಾರಿಗೆ ನಾಲ್ಕು ಹೊಸ ಟೈರುಗಳನ್ನು ಹಾಕಿಸಿದೆ. ಅದಾದ ಮೇಲೆ ಕೆಲವು ತಿಂಗಳ ಕಾಲ ನಾನು ಮೊದಲಿಗಿಂತ ಸ್ವಲ್ಪ ಉತ್ತಮನಾದ ಮನುಷ್ಯನೆಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಟೈರು ಬದಲಾಯಿಸುವುದರಿಂದ ಆತ್ಮೋನ್ನತಿಯಾಗುತ್ತದೆಂದು ಯಾವ ಶಾಸ್ತ್ರಕಾರನೂ ಹೇಳಿದಂತಿಲ್ಲ. ಆದರೆ ಅವು ಸಾಮಾನ್ಯ ಟೈರುಗಳಲ್ಲ, ಪೆಟ್ರೋಲನ್ನು ಉಳಿಸುವ ಟೈರುಗಳು. ಅಂಗಡಿಯವನು ಅವುಗಳನ್ನು ತೋರಿಸುತ್ತ, “ಹಗುರವಾಗಿ ಉರುಳ್ತವೆ ಸಾರ್. ಕಾಸೂ ಉಳೀತದೆ, ಪರಿಸರಕ್ಕೂ ಒಳ್ಳೇದು” ಎಂದ. ಒಂದೇ ಏಟಿಗೆ ಜೇಬಿಗೂ ಆಕಾಶಕ್ಕೂ ಉಪಕಾರ ಮಾಡುವ ಅವಕಾಶ ಗೃಹಸ್ಥನಿಗೆ ಪದೇ ಪದೇ ಒದಗುವುದಿಲ್ಲ. ನಮ್ಮ ಪುಣ್ಯಕಾರ್ಯಗಳಿಗೆಲ್ಲ ಖರ್ಚು ತಗಲುತ್ತದೆ. ಈ ಪುಣ್ಯದಲ್ಲಿ ಮಾತ್ರ ಹಣ ಹಿಂದಕ್ಕೆ ಬರುತ್ತಿತ್ತು. ಅಲ್ಲಿಯೇ ನಾನು ಸಂಶಯಪಡಬೇಕಾಗಿತ್ತು.

ನನ್ನ ವಾಸ ಮೈಸೂರಿನಲ್ಲಿ. ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಕಡೆ. ಅಣ್ಣ ಅಲ್ಲಿಯೇ ಬೇಸಾಯ ಮಾಡಿಕೊಂಡಿದ್ದಾನೆ. ವಾರಕ್ಕೊಮ್ಮೆ ಹೋಗಿಬರುವುದು ವಾಡಿಕೆ. ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟಿ ಉತ್ತರಕ್ಕೆ ಹೊರಟರೆ ವಿಶ್ವೇಶ್ವರಯ್ಯ ನಾಲೆಯ ಹಸಿರು ನಿಧಾನವಾಗಿ ಹಿಂದೆ ಉಳಿದು, ರಾಗಿ, ಹುರುಳಿ, ತೆಂಗು ಇವುಗಳ ಒಣಸೀಮೆ ಎದುರಾಗುತ್ತದೆ. ಹೆದ್ದಾರಿಯನ್ನು ಬಿಟ್ಟು ಊರ ಕಡೆಯ ರಸ್ತೆಗೆ ತಿರುಗಿದರೆ ಆ ರಸ್ತೆ ರಸ್ತೆಯೂ ಹೌದು, ಊರಿನ ಜಗಲಿಯೂ ಹೌದು. ದನ, ಕುರಿ, ಶಾಲೆಯ ಮಕ್ಕಳು, ಹಾಲಿನ ಕ್ಯಾನು ಹಿಡಿದ ಹೆಂಗಸರು ಎಲ್ಲರಿಗೂ ಅದು ಸೇರಿದ್ದು. ಇದನ್ನು ನಾನು ಬಲ್ಲೆ. ಬಲ್ಲವನಾದುದರಿಂದಲೇ ಮುಂದೆ ಹೇಳಲಿರುವ ಸಂಗತಿಯಲ್ಲಿ ನನಗೆ ಅಜ್ಞಾನದ ರಿಯಾಯಿತಿ ಸಿಕ್ಕುವಂತಿಲ್ಲ.

ಟೈರು ಹಾಕಿಸಿದ ದಿನದಿಂದ ಒಂದು ಪುಸ್ತಕವಿಟ್ಟೆ. ಟ್ಯಾಂಕು ತುಂಬಿಸಿದಾಗಲೆಲ್ಲ ಓಡಿದ ಕಿಲೋಮೀಟರು, ಹಾಕಿಸಿದ ಲೀಟರು, ಇವೆರಡನ್ನೂ ಬರೆದು ಭಾಗಿಸುವುದು. ಮೊದಲ ತಿಂಗಳ ಫಲ ನೋಡಿ ನನ್ನ ಮುಖ ಬಾಡಿತು: ಮೈಲೇಜು ಹೆಚ್ಚುವುದಿರಲಿ, ಹಳೆಯ ಸವೆದ ಟೈರುಗಳಿದ್ದಾಗ ಬರುತ್ತಿದ್ದಷ್ಟೂ ಬರಲಿಲ್ಲ. ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುವ ಪರಿಚಿತರೊಬ್ಬರು ಇದನ್ನು ಕೇಳಿ ನಕ್ಕರು. “ಎಲ್ಲರಿಗೂ ಹಂಗೇ ಸಾರ್. ಹೊಸಾ ಟೈರು ಹಾಕಿದ ತಿಂಗಳು ಬೈಕೋತಾರೆ, ಆಮೇಲೆ ಮರೆತುಬಿಡ್ತಾರೆ” ಎಂದರು.

ಕಾರಣ ತಿಳಿದ ಮೇಲೆ ಅದು ಬಹಳ ಸ್ವಾರಸ್ಯವಾಗಿ ಕಂಡಿತು. ಸವೆದ ಟೈರಿನ ಮೈಯಲ್ಲಿ ರಬ್ಬರು ಕಡಿಮೆ. ಬಾಗಿ ಏಳುವ ರಬ್ಬರು ಕಡಿಮೆಯಾದಷ್ಟೂ ಅದು ಹಗುರವಾಗಿ ಉರುಳುತ್ತದೆ. ಆದುದರಿಂದ ಯಾವ ಟೈರೇ ಆಗಲಿ, ಸಾಯುವ ಮುನ್ನ ಅತ್ಯಂತ ಮಿತವ್ಯಯಿಯಾಗಿರುತ್ತದೆ. ಅಲ್ಲದೆ, ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಇರುವ ಗೀರುಗಳ ಆಳ ಕಾನೂನು ಒಪ್ಪುವ ಕೊನೆಯ ಮಿತಿಯಾದ 1.6 ಮಿಲಿಮೀಟರಿಗೆ ಇಳಿಯುವ ಹೊತ್ತಿಗೆ ಚಕ್ರದ ಸುತ್ತಳತೆಯೇ ನೂರಕ್ಕೆ ಎರಡರಷ್ಟು ಕುಗ್ಗಿರುತ್ತದೆ. ಚಿಕ್ಕ ಚಕ್ರ ಹೆಚ್ಚು ಸಲ ಸುತ್ತಬೇಕು; ಸುತ್ತನ್ನು ಎಣಿಸಿ ದೂರ ಹೇಳುವ ಮೀಟರು ಆಗ ಇಲ್ಲದ ಕಿಲೋಮೀಟರುಗಳನ್ನು ಸೇರಿಸಿ ಹೇಳುತ್ತದೆ. ಹೊಸ ಟೈರು ಬಂದೊಡನೆ ಮೀಟರು ನಿಜ ಹೇಳತೊಡಗಿತು. ನಿಜ ಹೇಳಿದ್ದರಿಂದ ನನಗೆ ನಷ್ಟವಾದಂತೆ ತೋರಿತು.

ಇದು ಸಾಲದೆಂಬಂತೆ ಪೆಟ್ರೋಲೇ ಬದಲಾಗಿತ್ತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಬಂದಿತು. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ನಮ್ಮ ಸೀಮೆಯ ಕಬ್ಬಿನ ಕಾಕಂಬಿಯಿಂದಲೂ ಹುಟ್ಟುವ ಆ ದ್ರವ ನನ್ನ ಟ್ಯಾಂಕಿಗೆ ಬಂದು ಟೈರಿನ ಕೀರ್ತಿಯನ್ನು ತಿನ್ನುತ್ತಿತ್ತು. ಮಳೆ, ಚಳಿ, ಎದುರುಗಾಳಿ, ಹೆಂಡತಿಯ ತವರಿನಿಂದ ಬಂದ ಎರಡು ಮೂಟೆ ಅಕ್ಕಿ, ನನ್ನ ಬಲಗಾಲಿನ ಅಂದಿನ ಮನಸ್ಥಿತಿ, ಎಲ್ಲಕ್ಕೂ ಈ ಲೆಕ್ಕದಲ್ಲಿ ಪಾಲುಂಟು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಗಳ ಸಮಿತಿಯೊಂದು 2006ರಲ್ಲಿ ಇದನ್ನು ವಿಚಾರಿಸಿ, ಟೈರಿನ ಉರುಳುವ ತಡೆಯನ್ನು ನೂರಕ್ಕೆ ಹತ್ತು ಕಡಿಮೆ ಮಾಡಿದರೆ ಇಂಧನದಲ್ಲಿ ನೂರಕ್ಕೆ ಒಂದೋ ಎರಡೋ ಉಳಿಯುತ್ತದೆಂದು ಹೇಳಿತು. ತಡೆ ಇಪ್ಪತ್ತು ಇಪ್ಪತ್ತೈದು ಇಳಿದರೂ ಉಳಿತಾಯ ಮೂರರ ಆಸುಪಾಸು. ತಿಂಗಳಿಗೆ ಸಾವಿರ ಕಿಲೋಮೀಟರು ಓಡಿಸುವ ನನಗೆ ಅದು ಎರಡು ಲೀಟರಿಗೂ ಕಡಿಮೆ. ಎಂದರೆ ಇನ್ನೂರು ರೂಪಾಯಿ. ಮೈಸೂರಿನ ಹೋಟೆಲಿನಲ್ಲಿ ಇಬ್ಬರು ಕುಳಿತು ದೋಸೆ ಕಾಫಿ ಮುಗಿಸಿ ಏಳುವಷ್ಟು.

ಇಷ್ಟು ಸಣ್ಣ ಮೊತ್ತಕ್ಕೆ ಮನುಷ್ಯ ತನ್ನನ್ನು ಮಾರಿಕೊಳ್ಳುವುದಿಲ್ಲವೆಂದು ವಾಚಕರು ಹೇಳಬಹುದು. ಹಾಗೆ ಹೇಳುವವರು ಪುಸ್ತಕವಿಟ್ಟು ಲೆಕ್ಕ ಬರೆದವರಲ್ಲ. ಲೆಕ್ಕ ಬರೆಯತೊಡಗಿದ ಮೇಲೆ ಹಣ ಮುಖ್ಯವಾಗುವುದಿಲ್ಲ, ಅಂಕಿ ಮುಖ್ಯವಾಗುತ್ತದೆ. ಹದಿನಾರು ಬರಬೇಕಾದ ಕಡೆ ಹದಿನೈದೂವರೆ ಬಂದರೆ ರಾತ್ರಿಯ ನಿದ್ರೆ ಕೆಡುತ್ತದೆ. ಆ ಅರ್ಧ ಕಿಲೋಮೀಟರನ್ನು ಎಲ್ಲಿಂದಾದರೂ ತರಬೇಕೆಂಬ ಹಟ ಹುಟ್ಟುತ್ತದೆ.

ಟೈರು ಪೆಟ್ರೋಲನ್ನು ತಿನ್ನುವುದು ಹೇಗೆಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಅದರ ಮೈ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಟೈರು ನೆಲಕ್ಕೆ ತಾಗುವ ಕಡೆ ಚಪ್ಪಟೆಯಾಗುತ್ತದೆ, ಮೇಲೆದ್ದೊಡನೆ ಮತ್ತೆ ಗುಂಡಾಗುತ್ತದೆ. ಚಪ್ಪಟೆಯಾಗಲು ತೆಗೆದುಕೊಂಡ ಶಕ್ತಿಯನ್ನು ಗುಂಡಾಗುವಾಗ ಪೂರ್ತಿ ಹಿಂದಿರುಗಿಸುವುದಿಲ್ಲ; ಸ್ವಲ್ಪವನ್ನು ಬಿಸಿಯ ರೂಪದಲ್ಲಿ ತನ್ನ ಬಳಿ ಇಟ್ಟುಕೊಳ್ಳುತ್ತದೆ. ಸಾಲ ತೀರಿಸುವಾಗ ಹತ್ತಿಪ್ಪತ್ತು ಕಡಿಮೆ ಕೊಡುವ ನೆಂಟನ ಸ್ವಭಾವ. ಆದರೆ ಇಲ್ಲಿ ಒಂದು ತೊಡಕಿದೆ. ಬ್ರೇಕು ಹಾಕಿದಾಗ ಗಾಡಿಯನ್ನು ನಿಲ್ಲಿಸುವುದೂ ರಬ್ಬರಿನ ಇದೇ ಸ್ವಭಾವವೇ. ರಸ್ತೆಯ ಜಲ್ಲಿಯ ಉಬ್ಬುತಗ್ಗುಗಳ ಮೇಲೆ ರಬ್ಬರು ತನ್ನನ್ನು ಒತ್ತಿಕೊಂಡು, ಶಕ್ತಿಯನ್ನು ಕಳೆದುಕೊಂಡು, ಹಿಡಿದು ನಿಲ್ಲುತ್ತದೆ. ಏನನ್ನೂ ಕಳೆದುಕೊಳ್ಳಲು ಒಪ್ಪದ ರಬ್ಬರು ಚೆನ್ನಾಗಿ ಉರುಳುತ್ತದೆ, ಚೆನ್ನಾಗಿ ನಿಲ್ಲುವುದಿಲ್ಲ.

ತಯಾರಕರು ಬಹುಕಾಲ ಈ ಎರಡರ ನಡುವೆ ಒದ್ದಾಡಿದರು. ಫ್ರಾನ್ಸಿನ ಮಿಶೆಲಿನ್ ಕಂಪನಿ 1992ರಲ್ಲಿ ಹೊರತಂದ ಟೈರಿನಲ್ಲಿ, ರಬ್ಬರಿಗೆ ಸಾಂಪ್ರದಾಯಿಕವಾಗಿ ಬೆರೆಸುತ್ತಿದ್ದ ಕಾಡಿಗೆಯಂಥ ಇಂಗಾಲದ ಪುಡಿಗೆ ಬದಲಾಗಿ ಬಹುಮಟ್ಟಿಗೆ ಮರಳಿನ ಕುಲಕ್ಕೆ ಸೇರಿದ ಸಿಲಿಕಾವನ್ನು ಬೆರೆಸಿದರು. ಉರುಳುವಾಗಿನ ಬಾಗುವಿಕೆ ಸೆಕೆಂಡಿಗೆ ಹತ್ತಾರು ಸಲ. ಜಾರುವಾಗಿನ ಸೂಕ್ಷ್ಮ ನಡುಕ ಸೆಕೆಂಡಿಗೆ ಸಾವಿರಾರು ಸಲಕ್ಕೂ ಹೆಚ್ಚು. ಮೊದಲನೆಯದರಲ್ಲಿ ಜಿಪುಣನಾಗಿ, ಎರಡನೆಯದರಲ್ಲಿ ಉದಾರಿಯಾಗಿರುವಂತೆ ರಬ್ಬರಿಗೆ ಬುದ್ಧಿ ಕಲಿಸಿದ್ದು ಆ ಮಿಶ್ರಣ. ಮನುಷ್ಯರಿಗೆ ಈ ವಿವೇಕವನ್ನು ಕಲಿಸುವ ಮಿಶ್ರಣ ಇನ್ನೂ ಬಂದಂತಿಲ್ಲ. ಸಿಲಿಕಾವನ್ನು ಭತ್ತದ ಹೊಟ್ಟಿನ ಬೂದಿಯಿಂದಲೂ ತೆಗೆಯುತ್ತಾರೆಂದು ಕೇಳಿ, ಮಂಡ್ಯದ ಅಕ್ಕಿ ಗಿರಣಿಗಳ ಹಿಂದೆ ಬಿದ್ದಿರುವ ಬೂದಿಯ ಗುಡ್ಡೆಗಳ ಮೇಲೆ ನನಗೆ ಹೊಸ ಗೌರವ ಹುಟ್ಟಿತು.

ಹೀಗಾಗಿ ಇಂಧನ ಉಳಿಸುವ ಟೈರೆಂದರೆ ಅಪಾಯದ ಟೈರೆಂದು ಹೇಳುವುದು ತಪ್ಪು. ಎರಡು ಗುಣವೂ ಚೆನ್ನಾಗಿರುವವು ಇವೆ. ಒಂದನ್ನು ಕೊಂಡು ಇನ್ನೊಂದನ್ನು ಮಾರಿರುವವೂ ಇವೆ. ಅದಕ್ಕೆಂದೇ ಯೂರೋಪಿನಲ್ಲಿ 2012ರಿಂದ ಟೈರಿಗೆ ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಿದರು. ನಮ್ಮಲ್ಲಿಯೂ 2022ರಲ್ಲಿ ಕೇಂದ್ರ ಸರ್ಕಾರ ಉರುಳುವ ತಡೆ, ಒದ್ದೆ ನೆಲದ ಹಿಡಿತ, ಶಬ್ದ ಈ ಮೂರಕ್ಕೂ ಮಿತಿಗಳನ್ನು ಗೊತ್ತುಪಡಿಸಿತು. ಈ ಮೂರನ್ನು ಕುರಿತು ಒಂದು ಕ್ಷಣ ಯೋಚಿಸಬೇಕು. ಮೊದಲನೆಯದು ಟೈರು ಕೊಂಡವನಿಗೆ. ಎರಡನೆಯದರಲ್ಲಿ ಅವನ ಪಾಲೂ ಇದೆ, ಅವನ ಮುಂದೆ ರಸ್ತೆ ದಾಟುವವರ ಪಾಲೂ ಇದೆ. ಮೂರನೆಯದು ರಸ್ತೆಯ ಪಕ್ಕದಲ್ಲಿ ಮನೆ ಕಟ್ಟಿಕೊಂಡು ರಾತ್ರಿ ಮಲಗುವವರಿಗೆ. ಮೂವರ ಹಿತವನ್ನು ಹೇಳುವ ಟೈರನ್ನು ಒಬ್ಬನೇ ಕೊಳ್ಳುತ್ತಾನೆ. ನಾನು ಕೊಂಡಾಗ ಮೊದಲನೆಯದನ್ನು ಮಾತ್ರ ವಿಚಾರಿಸಿದ್ದೆ.

ಅರ್ಧ ಕಿಲೋಮೀಟರಿನ ಹಟದ ಮಾತಿಗೆ ಮತ್ತೆ ಬರುತ್ತೇನೆ. ಗಾಳಿ ಹೆಚ್ಚು ತುಂಬಿದರೆ ಟೈರು ಬಿಗಿಯಾಗಿ, ಕಡಿಮೆ ಬಾಗಿ, ಹಗುರವಾಗಿ ಉರುಳುತ್ತದೆಂಬುದು ಓಡಿಸುವವರೆಲ್ಲ ಬಲ್ಲ ಗುಟ್ಟು. ನನ್ನ ಕಾರಿನ ಬಾಗಿಲ ಪಟ್ಟಿಯಲ್ಲಿ ಬರೆದಿದ್ದುದು 33. ನಾನು ಮೊದಲು 36 ಹಾಕಿಸಿದೆ, ಆಮೇಲೆ 40. ಪಂಕ್ಚರ್ ಅಂಗಡಿಯ ಹುಡುಗ, “ಜಾಸ್ತಿ ಆಯ್ತದೆ ಸಾರ್, ನೆಲಕ್ಕೆ ಕೂರಲ್ಲ” ಎಂದ. ಬಿಗಿದ ಟೈರು ನೆಲವನ್ನು ಮುಟ್ಟುವ ಜಾಗ ಕಿರಿದಾಗುತ್ತದೆಂದು ಅವನ ಮಾತಿನ ಅರ್ಥ. ಅಂಗೈಯಗಲದ ನಾಲ್ಕು ಜಾಗಗಳ ಮೇಲೆ ಒಂದು ಟನ್ ತೂಕದ ವಸ್ತುವನ್ನು ನಂಬಿಸಿ ಓಡಿಸುತ್ತೇವೆ. ಆ ಅಂಗೈಯನ್ನೂ ಮಡಚಿದಂತೆ. ನಾನು ಅವನಿಗಿಂತ ಹೆಚ್ಚು ಓದಿದವನಾದುದರಿಂದ ಅವನ ಮಾತನ್ನು ಕೇಳಲಿಲ್ಲ. ಪುಸ್ತಕದಲ್ಲಿ ಅಂಕಿ ಏರಿತು. ಹದಿನಾರು ಮುಟ್ಟಿದ ದಿನ ಮನೆಯಲ್ಲಿ ಹೇಳಿದೆ, ಹೆಂಡತಿ “ಹೌದೇ?” ಎಂದಷ್ಟೇ ಹೇಳಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಚಿತ್ತಾ ಮಳೆಯ ಸಮಯ. ಕೆಲವು ದಿನ ಬಿಡುವು ಕೊಟ್ಟು ಆ ಸಂಜೆ ತುಂತುರು ಹಿಡಿದಿತ್ತು. ಒಣಗಿದ ರಸ್ತೆಯ ಮೇಲಿನ ಧೂಳು ಎಣ್ಣೆಗಳು ಮೊದಲ ಹನಿಗೆ ಕಲಸಿ ಲೋಳೆಯಂತಾಗುವ ಗಳಿಗೆ ಅದು. ಹೊಣಕೆರೆಯ ಕಡೆ ಒಂದು ತಿರುವು; ಅದರಾಚೆ ಹಾಲಿನ ಡೈರಿ. ನಾನು ಅರವತ್ತರ ವೇಗದಲ್ಲಿದ್ದೆ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕ್ಯಾನು ಹಿಡಿದು, ಒಬ್ಬ ಮುದುಕಿ ರಸ್ತೆ ದಾಟುತ್ತಿದ್ದಳು. ಬ್ರೇಕು ತುಳಿದೆ. ಅದು ಕಾಲಡಿಯಲ್ಲಿ ಕಟಕಟನೆ ನಡುಗಿತು; ಗಾಡಿ ಮಾತ್ರ ಮುಂದೆ ಸಾಗುತ್ತಲೇ ಇತ್ತು. ಆ ಎರಡು ಮೂರು ಸೆಕೆಂಡುಗಳಲ್ಲಿ ನಾನು ಓಡಿಸುವವನಾಗಿರಲಿಲ್ಲ, ಒಳಗೆ ಕುಳಿತು ನೋಡುವವನಾಗಿದ್ದೆ. ಅವಳು ಹಿಂದಕ್ಕೆ ಜಿಗಿದಳು. ಗಾಡಿ ಅವಳು ನಿಂತಿದ್ದ ಜಾಗವನ್ನು ದಾಟಿ ನಿಂತಿತು. ಕ್ಯಾನು ಬಿದ್ದು ಹಾಲು ಮಳೆಯ ನೀರಿನೊಡನೆ ರಸ್ತೆಯ ಅಂಚಿಗೆ ಹರಿಯಿತು.

ಇಳಿದು ಓಡಿದೆ. ಅವಳಿಗೆ ಏನೂ ಆಗಿರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾಕಪ್ಪಾ, ಬಿರೇಕ್ ಇಲ್ವಾ ನಿನ್ ಗಾಡೀಗೆ?” ಎಂದಳು.

“ಇದೆ ಅವ್ವ. ಮಳೆ, ಜಾರಿಬಿಟ್ಟಿತು.”

“ಮಳೇಲಿ ನಾನೂ ನಡೀತಾ ಇವ್ನಿ, ನಾನ್ ಜಾರ್‍ನಿಲ್ವಲ್ಲ.”

ಜೇಬಿಗೆ ಕೈಹಾಕಿ ಐನೂರರ ನೋಟು ತೆಗೆದು ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನು ಬಗ್ಗಿಸಿ ನೋಡಿ, ಎರಡು ಲೀಟರು ಹೋಗಿದೆಯೆಂದು ನಿರ್ಧರಿಸಿ, ಡೈರಿಯವರು ಕೊಡುವ ಬೆಲೆಯಲ್ಲಿ ಲೆಕ್ಕ ಹಾಕಿ, ಅಷ್ಟನ್ನೇ ಕೇಳಿದಳು. “ಇರಲಿ ಅವ್ವ, ಹೆದರಿಬಿಟ್ಟಿರಿ” ಎಂದೆ. “ಹೆದರ್‍ಕೊಂಡಿದ್ದಕ್ಕೂ ದುಡ್ಡಾ?” ಎಂದು ಹೇಳಿ ಚಿಲ್ಲರೆ ಎಣಿಸಿಕೊಂಡು ಡೈರಿಯ ಕಡೆ ನಡೆದಳು. ಉಳಿದ ಹಾಲನ್ನು ಹಾಕುವ ಹೊತ್ತು ಮೀರುತ್ತಿತ್ತು.

ಅಣ್ಣನ ಮನೆಗೆ ಹೋದಮೇಲೆ ಕೈ ನಡುಗುತ್ತಿದ್ದುದರಿಂದ ಕಾಫಿಯ ಲೋಟವನ್ನು ಕೆಳಗಿಟ್ಟೆ. ಆ ರಾತ್ರಿ ನನ್ನ ಮನಸ್ಸು ಮಾಡಿದ ಕೆಲಸವನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಅದು ನನ್ನೊಬ್ಬನ ಮನಸ್ಸಿನ ಕೆಲಸವಲ್ಲವೆಂದು ನನ್ನ ನಂಬಿಕೆ. ಮೊದಲು ಅದು ಮಳೆಯ ಮೇಲೆ ತಪ್ಪು ಹೊರಿಸಿತು. ಆಮೇಲೆ ಕೊಪ್ಪೆ ಹಾಕಿಕೊಂಡು ಎಡಬಲ ನೋಡದೆ ದಾಟಿದ ಮುದುಕಿಯ ಮೇಲೆ. ಆಮೇಲೆ ರಸ್ತೆ ಮಾಡಿದವರ ಮೇಲೆ. ಆಮೇಲೆ, ಬಹಳ ನೆಮ್ಮದಿಯಿಂದ, ಟೈರಿನ ಮೇಲೆ. ಟೈರು ಮೂಕವಸ್ತು, ಎದುರಾಡುವುದಿಲ್ಲ. ಮಧ್ಯರಾತ್ರಿಯ ಹೊತ್ತಿಗೆ 40 ಎಂಬ ಅಂಕಿ ನೆನಪಿಗೆ ಬಂತು, ಅದರ ಹಿಂದೆಯೇ ಅರವತ್ತು ಎಂಬ ಅಂಕಿಯೂ ಬಂತು. ಇವುಗಳಲ್ಲಿ ಯಾವುದರ ಪಾಲೆಷ್ಟೆಂದು ಅಳೆಯುವ ತಕ್ಕಡಿ ನನ್ನಲ್ಲಿರಲಿಲ್ಲ. ಯೂರೋಪಿನ ಚೀಟಿ ಬಂದಾಗ ಹೇಳುತ್ತಿದ್ದ ಮಾತೊಂದು ನೆನಪಾಯಿತು: 80ರ ವೇಗದಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕು ಹಾಕಿದರೆ ಮೇಲಿನ ದರ್ಜೆಯ ಟೈರಿಗೂ ಕೆಳಗಿನ ದರ್ಜೆಯದಕ್ಕೂ ನಿಲ್ಲುವ ದೂರದಲ್ಲಿ 18 ಮೀಟರಿನವರೆಗೆ ವ್ಯತ್ಯಾಸ. ನಾಲ್ಕು ಕಾರುಗಳ ಉದ್ದ. ಆ ಮುದುಕಿ ಹಿಂದಕ್ಕೆ ಜಿಗಿದದ್ದು ಎರಡೇ ಹೆಜ್ಜೆ.

ನನ್ನ ಪರವಾಗಿ ವಾದಿಸುವ ವಕೀಲನೊಬ್ಬ ನನ್ನೊಳಗೆ ಇಲ್ಲದಿಲ್ಲ. ಅವನ ವಾದ ಹೀಗೆ: “ನೀನು ಉಳಿಸುವುದು ಎರಡು ಲೀಟರೇ ಇರಬಹುದು. ದೇಶದಲ್ಲಿ ಕೋಟಿಗಟ್ಟಲೆ ಗಾಡಿಗಳಿವೆ. ಎಲ್ಲರೂ ಹೀಗೆಯೇ ಉಳಿಸಿದರೆ ಆಕಾಶಕ್ಕೆ ಹೋಗುವ ಹೊಗೆ ಎಷ್ಟು ಕಡಿಮೆಯಾದೀತು! ಬೇಸಗೆಯ ಝಳ, ತಪ್ಪಿದ ಮಳೆ, ಇವುಗಳಿಂದ ಸೊರಗುವವಳೂ ಆ ಮುದುಕಿಯೇ ಅಲ್ಲವೆ? ಅವಳ ಹುರುಳಿಯ ಹೊಲಕ್ಕೂ ನೀನು ಉಪಕಾರ ಮಾಡುತ್ತಿದ್ದೀಯೆ.” ಈ ವಾದ ಸುಳ್ಳಲ್ಲ. ಸಣ್ಣ ಸಣ್ಣ ಉಳಿತಾಯಗಳು ಸೇರಿ ದೊಡ್ಡದಾಗುತ್ತವೆಂಬುದು ಗಣಿತ; ಅದನ್ನು ಹಾಸ್ಯ ಮಾಡಲಾಗದು.

ಆದರೆ ಉಪಕಾರ ಮತ್ತು ಅಪಾಯ ಇವೆರಡೂ ಹಂಚಿಕೆಯಾಗುವ ಬಗೆ ಬೇರೆ. ಉಪಕಾರ ಇಡೀ ಆಕಾಶದ ಮೇಲೆ ತೆಳ್ಳಗೆ ಹರಡುತ್ತದೆ, ಯಾರ ಕೈಗೂ ಸಿಕ್ಕುವುದಿಲ್ಲ. ಅಪಾಯ ಒಂದು ತಿರುವಿನಲ್ಲಿ, ಒಂದು ಸಂಜೆ, ಒಬ್ಬಳ ಮೈಮೇಲೆ ಒಟ್ಟಿಗೆ ಬಂದು ಬೀಳುತ್ತದೆ. ಇವೆರಡನ್ನೂ ಒಂದೇ ಪುಸ್ತಕದ ಎಡಬಲಗಳಲ್ಲಿ ಬರೆದು ಕೂಡಿ ಕಳೆಯಬಹುದೆ? ಕಳೆಯಬಹುದೆಂದು ಹೇಳುವ ತತ್ತ್ವಜ್ಞರಿದ್ದಾರೆ. ಸರ್ಕಾರಗಳು ಆಳುವುದೇ ಬಹುಮಟ್ಟಿಗೆ ಈ ಲೆಕ್ಕದ ಮೇಲೆ. ನನ್ನ ಆಕ್ಷೇಪಣೆ ಕೂಡುವುದಕ್ಕಲ್ಲ, ಕೂಡುವವನಾರೆಂಬುದಕ್ಕೆ. ಗಾಳಿಯನ್ನು 40ಕ್ಕೆ ಏರಿಸಿದಾಗ ಲಾಭದ ಕಡೆಯವನೂ ನಾನೇ, ಲೆಕ್ಕ ಬರೆದವನೂ ನಾನೇ. ನಷ್ಟದ ಕಡೆಯವಳಿಗೆ ಲೆಕ್ಕವಿದೆಯೆಂಬುದೇ ತಿಳಿಯದು. ತನ್ನ ಪಾಲಿನ ಎರಡು ಲೀಟರು ಹಾಲನ್ನು ಅವಳು ಪೈಸೆ ಬಿಡದೆ ಅಳೆದಳು, ಹೆಚ್ಚಿಗೆ ಒಂದು ರೂಪಾಯಿ ಮುಟ್ಟಲಿಲ್ಲ. ನನ್ನ ಪುಸ್ತಕದಲ್ಲಿ ಅವಳ ಹೆಸರಿಗೆ ಒಂದು ಕಲಮೂ ಇರಲಿಲ್ಲ.

ಇನ್ನೊಂದು ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಆ ಪುಸ್ತಕವನ್ನು ಮತ್ತೆ ತಿರುವಿ ನೋಡಿದಾಗ, ಟೈರು ಬದಲಾಯಿಸಿದ ಮೇಲೆ ನನ್ನ ತಿಂಗಳ ಓಡಾಟವೇ ಹೆಚ್ಚಿತ್ತೆಂಬುದು ಕಂಡಿತು. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದ ಕೆಲವು ಮದುವೆ ಮುಂಜಿಗಳಿಗೆ, “ಈಗೇನು, ಮೈಲೇಜು ಬರುತ್ತದೆಯಲ್ಲ” ಎಂದು ಕಾರನ್ನೇ ತೆಗೆದಿದ್ದೆ. ಉಳಿಸಿದ ಎರಡು ಲೀಟರಿನ ಸಂತೋಷದಲ್ಲಿ ಹತ್ತು ಲೀಟರು ಸುಟ್ಟಿದ್ದೆ. ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲಿಯೇ ಇದನ್ನು ಕಲ್ಲಿದ್ದಲಿನ ವಿಷಯದಲ್ಲಿ ಹೇಳಿದ್ದ: ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಷ್ಟೂ ದೇಶ ಸುಡುವ ಕಲ್ಲಿದ್ದಲು ಹೆಚ್ಚುತ್ತದೆ.

ಜೆವನ್ಸನನ್ನು ಓದದಿದ್ದರೂ ನಮ್ಮ ಸೋದರಮಾವನ ಎತ್ತುಗಳಿಗೆ ಈ ತತ್ತ್ವ ತಿಳಿದಿತ್ತು. ಪಾಂಡವಪುರದ ಕಡೆ ನಾಲೆಯ ಬಯಲಿನಲ್ಲಿ ಅವರದು ಕಬ್ಬಿನ ಗದ್ದೆ. ನಾನು ಹುಡುಗನಾಗಿದ್ದಾಗ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರದ ಗಾಡಿಗಳು ಹೋಗಿ ಟೈರಿನ ಗಾಡಿಗಳು ಬರುತ್ತಿದ್ದ ಕಾಲ. ಮರದ ಚಕ್ರ ಕೆಸರಿನಲ್ಲಿ ಹೂತು, ಟಾರು ರಸ್ತೆಯನ್ನು ಕೊಯ್ದು, ಎತ್ತುಗಳ ಕತ್ತನ್ನು ಜಗ್ಗುತ್ತಿತ್ತು. ಟೈರು ಬಂದಮೇಲೆ ಅದೇ ಹೊರೆ ಸಲೀಸಾಗಿ ಉರುಳತೊಡಗಿತು. ಮಾವ ಬಹಳ ದಯಾಳು. ಎತ್ತುಗಳಿಗೆ ಸುಖವಾಯಿತೆಂದು ಊರಿಗೆಲ್ಲ ಹೇಳಿದರು. ಒಂದು ವಾರ ಸುಖವಾಗಿಯೂ ಇದ್ದವು. ಮರುವಾರ, ಎಳೆಯುತ್ತವಲ್ಲ ಎಂದು ಗಾಡಿಯ ಮೇಲೆ ಇನ್ನಷ್ಟು ಜಲ್ಲೆ ಬಿತ್ತು; ಅದರ ಮರುವಾರ ಇನ್ನಷ್ಟು. ಸುಗ್ಗಿ ಮುಗಿಯುವ ಹೊತ್ತಿಗೆ ಸಕ್ಕರೆ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ನಿಂತ ಗಾಡಿಗಳ ಹೊರೆ ಎತ್ತುಗಳ ಎರಡಾಳೆತ್ತರಕ್ಕೆ ಏರಿತ್ತು. ಟೈರು ಉಳಿಸಿದ ಶ್ರಮವೆಲ್ಲ ಕಬ್ಬಾಗಿ ಅವುಗಳ ಬೆನ್ನ ಹಿಂದೆಯೇ ಬರುತ್ತಿತ್ತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನು ತಮ್ಮ ಕಾಯಕವಾಗಿ ಮಾಡಿಕೊಂಡು, ಚಕ್ರದ ಜೊತೆಗೆ ನೊಗವನ್ನೂ, ನೊಗದಡಿಯ ಹುಣ್ಣನ್ನೂ ನೋಡಿರೆಂದು ಹೇಳುತ್ತಿದ್ದರು. ಚಕ್ರವನ್ನು ಸುಧಾರಿಸಲು ಎಲ್ಲರೂ ಒಪ್ಪಿದರು, ಅದರಲ್ಲಿ ಲಾಭವಿತ್ತು.

ಲೋಕದ ವಿಚಿತ್ರವೆಂದರೆ, ಎರಡನೆಯ ಮಹಾಯುದ್ಧದಲ್ಲಿ ಇದೆಲ್ಲ ತಲೆಕೆಳಗಾಗಿತ್ತು. ಜಪಾನೀಯರು 1942ರಲ್ಲಿ ಮಲಯವನ್ನು ಹಿಡಿದಾಗ ರಬ್ಬರು ಸಿಕ್ಕದಂತಾಯಿತು. ಅಮೆರಿಕದಲ್ಲಿ ಪೆಟ್ರೋಲಿಗೆ ರೇಷನ್ ಹಾಕಿದರು. ಪೆಟ್ರೋಲು ಇಲ್ಲವೆಂದಲ್ಲ, ಟೈರು ಸವೆಯಬಾರದೆಂದು. ಗಂಟೆಗೆ 35 ಮೈಲಿಗಿಂತ ವೇಗವಾಗಿ ಓಡಿಸಬಾರದೆಂಬ ಕಟ್ಟಳೆ ಬಂದದ್ದೂ ರಬ್ಬರಿನ ಸಲುವಾಗಿಯೇ. ಜನರ ಪ್ರಾಣದ ಸಲುವಾಗಿ ಒಪ್ಪದ ವೇಗವನ್ನು ರಬ್ಬರಿನ ಸಲುವಾಗಿ ಒಪ್ಪಿದರು.

ಆ ಸಂಜೆಯ ಮಾರನೆಯ ದಿನ ಊರಿನಿಂದ ಹಿಂದಿರುಗುವ ಮುನ್ನ ಕಂಬದಹಳ್ಳಿಗೆ ಹೋದೆ. ನಮ್ಮ ತಾಲ್ಲೂಕಿನ ಹಳೆಯ ಜೈನ ಕ್ಷೇತ್ರ ಅದು. ಗಂಗರ ಕಾಲದ ಪಂಚಕೂಟ ಬಸದಿ, ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ. ಪ್ರಾಯಶ್ಚಿತ್ತಕ್ಕೆ ಹೋದದ್ದಲ್ಲ, ಕಾರನ್ನು ನಿಧಾನವಾಗಿ ಓಡಿಸಬೇಕೆನ್ನಿಸಿತ್ತು, ಹೋಗಲು ಒಂದು ಜಾಗ ಬೇಕಾಗಿತ್ತು. ಅಲ್ಲಿ ಕುಳಿತಿದ್ದಾಗ ಈರ್ಯಾಸಮಿತಿಯೆಂಬ ಮಾತು ನೆನಪಿಗೆ ಬಂದಿತು. ಜೈನ ಮುನಿಗಳು ನಡೆಯುವಾಗ ಪಾಲಿಸುವ ನಿಯಮ. ಹಗಲಿನಲ್ಲಿ ಮಾತ್ರ, ನೊಗದುದ್ದ, ಎಂದರೆ ನಾಲ್ಕು ಮೊಳ, ಮುಂದಿನ ನೆಲವನ್ನು ನೋಡುತ್ತ, ಹುಳುಹುಪ್ಪಟೆಯನ್ನು ತುಳಿಯದಂತೆ ಹೆಜ್ಜೆಯಿಡಬೇಕು. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ಇರುವೆಯ ಮೇಲಿನ ಅತಿ ದಯೆಯೆಂದು ನಕ್ಕಿದ್ದೆ. ಈಗ ಅದರಲ್ಲಿ ನಾಲ್ಕು ಮೊಳವೇ ಏಕೆಂಬುದು ಹೊಳೆದಂತಾಯಿತು. ನಡೆಯುವವನು ನಾಲ್ಕು ಮೊಳದೊಳಗೆ ನಿಲ್ಲಬಲ್ಲ. ಎಷ್ಟು ದೂರದೊಳಗೆ ನಿಲ್ಲಬಲ್ಲೆಯೋ ಅಷ್ಟು ದೂರದ ಹೊಣೆ ನಿನ್ನದು, ಅದಕ್ಕಿಂತ ಕಡಿಮೆ ನೋಡಿ ಹೆಚ್ಚು ವೇಗವಾಗಿ ಹೋಗಬೇಡ. ನಿಯಮವನ್ನು ನಾನು ಹೀಗೆ ಓದಿಕೊಂಡೆ; ಪಂಡಿತರು ಬೇರೆ ಹೇಳಿದರೆ ಒಪ್ಪುತ್ತೇನೆ.

ಗಂಟೆಗೆ ಅರವತ್ತರ ವೇಗದಲ್ಲಿ ಬ್ರೇಕಿನ ಮೇಲೆ ಕಾಲಿಡಬೇಕೆಂದು ನಾನು ತೀರ್ಮಾನಿಸುವ ಒಂದು ಸೆಕೆಂಡಿನಲ್ಲಿಯೇ ಗಾಡಿ 17 ಮೀಟರು ಹೋಗಿರುತ್ತದೆ. ಆಮೇಲೆ ನಿಲ್ಲಲು ಬೇಕಾದ ದೂರ ಬೇರೆ. ವೇಗ ಇಮ್ಮಡಿಯಾದರೆ ಅದು ನಾಲ್ಮಡಿಯಾಗುತ್ತದೆ, ನೆಲ ಒದ್ದೆಯಾದರೆ ಇನ್ನೂ ಹೆಚ್ಚುತ್ತದೆ. ಮುನಿಯ ನಾಲ್ಕು ಮೊಳದ ಬದಲು ನನ್ನದು ನಲವತ್ತು ಐವತ್ತು ಮೀಟರಿನ ಹೊಣೆ. ಆ ತಿರುವಿನಲ್ಲಿ ನನಗೆ ಕಾಣುತ್ತಿದ್ದುದು ಅದರ ಅರ್ಧ. ಕಣ್ಣಿಗೆ ಕಾಣದ ಅರ್ಧದೊಳಗೆ ಯಾರೂ ಇರಲಾರರೆಂದು ಸುಮ್ಮನೆ ಭಾವಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಹಾಲಿನ ಕ್ಯಾನು ಹಿಡಿದವಳಿದ್ದಳು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ತೆರೆದಾಗ ಆದ ಸಾವುಗಳನ್ನು ಪತ್ರಿಕೆಯಲ್ಲಿ ಓದಿ, ಓಡಿಸುವವರ ಮೇಲೆ ನಾನೂ ಕೋಪಗೊಂಡಿದ್ದೆ. ಅವರ ಹೊಣೆಯ ದೂರವನ್ನು ಅಳೆಯುವುದು ಸುಲಭವಾಗಿತ್ತು.

ಮೈಸೂರಿಗೆ ಬಂದು ಪಂಕ್ಚರ್ ಅಂಗಡಿಗೆ ಹೋದೆ. “ಎಷ್ಟು ಸಾರ್?” ಎಂದು ಕೇಳಿದ. “33” ಎಂದೆ. “ಹೋದ್ಸಲ 40 ಅಂದಿದ್ರಲ್ಲ?” ಎಂದ. ನಾನು ಉತ್ತರ ಹೇಳಲಿಲ್ಲ. ಅವನು ಗಾಳಿ ಬಿಟ್ಟ. ನಾಲ್ಕು ಚಕ್ರಗಳಿಂದಲೂ ಅದು ಸುಯ್ಯೆಂದು ಹೋಗುವುದನ್ನು ಕೇಳುತ್ತ ನಿಂತೆ. ಟೈರುಗಳನ್ನು ಬದಲಾಯಿಸಲಿಲ್ಲ. ಅವು ಒಳ್ಳೆಯವೋ ಕೆಟ್ಟವೋ ಎಂಬುದನ್ನು ಅವುಗಳ ಸರಿಯಾದ ಗಾಳಿಯಲ್ಲಿ ಒಮ್ಮೆಯಾದರೂ ಓಡಿಸಿ ನೋಡಬೇಡವೆ? ಪುಸ್ತಕವನ್ನು ಈಗಲೂ ಬರೆಯುತ್ತೇನೆ. ಅಭ್ಯಾಸ ಬಿಡುವುದು ಕಷ್ಟ; ಬಿಡಬೇಕೆಂದೂ ತೋರುವುದಿಲ್ಲ. ಹದಿನೈದೂವರೆ ಬರುತ್ತದೆ.

ಪುಷ್ಯಮಾಸದಲ್ಲಿ ಮತ್ತೆ ಊರಿಗೆ ಹೋದಾಗ ಹುರುಳಿಯ ಒಕ್ಕಣೆ ನಡೆದಿತ್ತು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಟಾರು ರಸ್ತೆಯ ಮೇಲೆ ಹುರುಳಿಯ ಗಿಡ ಹರಡಿ, ಓಡಾಡುವ ಬಸ್ಸು ಲಾರಿ ಕಾರುಗಳ ಚಕ್ರಗಳಿಂದ ತುಳಿಸಿ ಕಾಳು ಬಿಡಿಸಿಕೊಳ್ಳುತ್ತಾರೆ. ಹಾಗೆ ಮಾಡಬಾರದೆಂದು ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ, ಅದು ನ್ಯಾಯವೇ. ದ್ವಿಚಕ್ರದವರು ಜಾರಿ ಬೀಳುತ್ತಾರೆ, ಒಣ ಸೊಪ್ಪು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಆ ಸೊಪ್ಪಿನ ಮೆತ್ತೆಯ ಮೇಲೆ ಉರುಳುವುದೆಂದರೆ ಟೈರಿನ ಉಳಿತಾಯವೆಲ್ಲ ಅಲ್ಲಿಯೇ ತೀರಿದಂತೆ. ಎಂಜಿನ್ನು ಏದುಸಿರು ಬಿಡುತ್ತದೆ. ಪೆಟ್ರೋಲು ನನ್ನದು, ಕಾಳು ಅವರದು. ಮೊದಲಾಗಿದ್ದರೆ ಗೊಣಗುತ್ತಿದ್ದೆ.

ನಿಧಾನವಾಗಿ ದಾಟಿ ಆಚೆ ಹೋಗಿದ್ದೆ. ರಸ್ತೆಯ ಪಕ್ಕ ಕವೆಗೋಲು ಹಿಡಿದು ನಿಂತಿದ್ದ ಮುದುಕನೊಬ್ಬ ಕೈಯೆತ್ತಿ ನಿಲ್ಲಿಸಿದ. ಏನೋ ತಪ್ಪಾಯಿತೆಂದು ಗಾಜು ಇಳಿಸಿದೆ.

“ಈ ಮಗ್ಗುಲು ಸರಿಯಾಗಿ ತುಳೀನಿಲ್ಲ ಸಾಮಿ. ಒಸಿ ಹಿಂದಕ್ ತಗೊಂಡು ಇನ್ನೊಂದ್ಸಲ ಬುಡಿ” ಎಂದ.

ಕನ್ನಡಿಯಲ್ಲಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಇಳಿದು ಇನ್ನೊಮ್ಮೆ ನೋಡಿ ಬಂದು, ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡೆ.